ಕಾವಲಿನಿಂದ ಆಫ್ರಿಕಾಕ್ಕೆ

ಕೀನ್ಯಾ ಕರಾವಳಿಗೆ ಕಾಡು, ಪ್ರಾಣಿ ನೋಡಲು ಹೋದವರ ಫೋಟೊ ಕಂಡಾಗೆಲ್ಲ ನನಗೆ ಕಡೂರು ತಾಲ್ಲೂಕಿನ ಬಾಸೂರು ಕಾವಲು ಎಂಬ ಹುಲ್ಲುಗಾವಲು ನೆನಪಾಗುತ್ತದೆ. ಮಳೆ ಬಿಟ್ಟ ಸಂಜೆ ಹುಲ್ಲಿನ ಮೇಲೆ ಹಿಂಡುಹಿಂಡಾಗಿ ಸುತ್ತುವ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳು! ಬೆರಳುದ್ದವೂ ಇಲ್ಲ, ರೆಕ್ಕೆಯ ಆಚೆಗಿನ ಹುಲ್ಲೂ ಕಾಣುತ್ತದೆ. ಈ ಜಾತಿಯವು ಅಕ್ಟೋಬರ್ ಹೊತ್ತಿಗೆ ಭಾರತ ಬಿಟ್ಟು, ಗಾಳಿ ಹಿಡಿದು, ಮಾಲ್ಡೀವ್ಸ್ ದಾಟಿ ಪೂರ್ವ ಆಫ್ರಿಕಾ ಸೇರುತ್ತವೆ ಎಂದು 2009ರಲ್ಲಿ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಬರೆದರು. ಅಷ್ಟು ಸಮುದ್ರ, ಇಷ್ಟೇ ಇಷ್ಟು ಜೀವ!

ಈ ಚಿಟ್ಟೆಗಳ ಜೊತೆಗೆ ಕೃಷ್ಣಮೃಗಗಳೂ ಇರುವ ಬಾಸೂರನ್ನು 2011ರಲ್ಲಿ ಸಂರಕ್ಷಣಾ ಮೀಸಲು ಮಾಡಿದ್ದು ಒಳ್ಳೆಯದಾಯಿತು. ಅಜ್ಜಂಪುರ ಕಡೆಯ ಅಮೃತಮಹಲ್ ಕಾವಲುಗಳೂ ಹುಲ್ಲುಗಾವಲಾಗಿಯೇ ಉಳಿಯಬೇಕು. ಬರಡು ಭೂಮಿ ಅಂದುಕೊಂಡು ದಯವಿಟ್ಟು ಅಲ್ಲಿ ಯಾರೂ ಗುಂಡಿ ತೋಡಿ ನೀಲಗಿರಿ ನೆಡಬೇಡಿ.