ಸುದ್ದಿಯಾಗದ ಆನೆಯನ್ನು ನೋಡಲು

ಡಿಪ್ಲೊಮಾದಲ್ಲಿ ಒಟ್ಟಿಗೆ ಓದಿದ ನಾವು ನಾಲ್ವರು ಮೂರು ವರ್ಷದಿಂದ ಒಂದು ಚೀಟಿ ಕಟ್ಟುತ್ತಿದ್ದೇವೆ. ತಿಂಗಳಿಗೆ ತಲಾ ನಾಲ್ಕು ಸಾವಿರ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಅಲ್ಲಿ ಬಾಡಿಗೆ ಕಾರು ಹಿಡಿದು, ನಾವೇ ಓಡಿಸಿಕೊಂಡು ಕಾಡು ನೋಡಬೇಕೆಂಬುದು ಈ ಚೀಟಿಯ ಉದ್ದೇಶ. ನಮ್ಮಲ್ಲಿ ಇಬ್ಬರು ಚಾಮರಾಜನಗರ ಜಿಲ್ಲೆಯ ಸ್ಟ್ರಿಂಗರ್‌ಗಳು. ಅದರಲ್ಲಿ ಒಬ್ಬ, ಸ್ಟ್ರಿಂಗರ್ ದುಡ್ಡಿನಲ್ಲಿ ಮನೆ ನಡೆಯುವುದಿಲ್ಲ ಎಂದು ಟ್ಯಾಕ್ಸಿಯನ್ನೂ ಓಡಿಸುತ್ತಾನೆ. ಇನ್ನೊಬ್ಬನದು ಫೋಟೊ ಸ್ಟುಡಿಯೊ. ನಾಲ್ಕನೆಯವಳು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಯೋಜನೆಯ ಸಭೆಗಳೆಲ್ಲ ಆ ಗ್ರಂಥಾಲಯದ ಮೇಜಿನ ಮೇಲೆಯೇ ನಡೆದವು.

ವಿಷಯ ಗೊತ್ತಾದ ರೈತರೊಬ್ಬರು ನಕ್ಕುಬಿಟ್ಟರು. 'ಅಲ್ಲ ಕಣ್ರಪ್ಪಾ, ಆನೆ ನೋಡಕ್ಕೆ ಆಫ್ರಿಕಾಕ್ಕೆ ಹೋಗ್ಬೇಕಾ? ರಾತ್ರಿ ನಮ್ಮ ಹೊಲದ ಹತ್ರ ಬನ್ನಿ, ದುಡ್ಡಿಲ್ದೆ ತೋರಿಸ್ತೀನಿ' ಎಂದರು. ಮಾತು ತಮಾಷೆಯದೇ ಆದರೂ ಉತ್ತರ ಕೊಡಲೇಬೇಕಾದ ಪ್ರಶ್ನೆ.

ನಮ್ಮ ಜಿಲ್ಲೆಯಲ್ಲಿ ಆನೆ ಎಂದರೆ ಸುದ್ದಿ. ಬಾಳೆ ತೋಟ ತುಳಿದರೆ ಸುದ್ದಿ, ಜೋಳದ ಹೊಲಕ್ಕೆ ನುಗ್ಗಿದರೆ ಸುದ್ದಿ, ವಿದ್ಯುತ್ ತಂತಿ ತಗುಲಿ ಸತ್ತರೆ ಸುದ್ದಿ, ಮನುಷ್ಯನನ್ನು ಕೊಂದರೆ ಮುಖಪುಟ. ನಾವು ಸ್ಥಳಕ್ಕೆ ಹೋಗುವುದು ಬೆಳಿಗ್ಗೆ. ಅಷ್ಟರಲ್ಲಿ ಆನೆ ಕಾಡಿಗೆ ಮರಳಿರುತ್ತದೆ. ಹೆಜ್ಜೆ ಗುರುತು, ಲದ್ದಿ, ಮುರಿದ ಬೇಲಿ, ಅಳುವ ಮನೆಯವರು, ಪರಿಹಾರದ ಅರ್ಜಿ. ಹತ್ತು ವರ್ಷ ಆನೆಯ ಬಗ್ಗೆ ಬರೆದವರು ಆನೆಯೊಂದು ಸುಮ್ಮನೆ ಮೇಯುವುದನ್ನು ಅರ್ಧ ಗಂಟೆ ಕುಳಿತು ನೋಡಿದ್ದಿಲ್ಲ. ಬಂಡೀಪುರದ ಸಫಾರಿಯಲ್ಲಿ ಇಲಾಖೆಯ ವಾಹನ, ಇಲಾಖೆಯ ಚಾಲಕ, ಇಲಾಖೆಯ ಗಡಿಯಾರ. ಸ್ವಂತ ಗಾಡಿಯಲ್ಲಿ ಹೋಗಬಹುದಾದ್ದು ಹೆದ್ದಾರಿಯಲ್ಲಿ ಮಾತ್ರ. ಅಲ್ಲಿ ನಿಲ್ಲಿಸುವಂತಿಲ್ಲ, 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರವೂ ಇಲ್ಲ. ಆ ನಿಷೇಧ ಸರಿಯಾದದ್ದೇ. ಅದರ ಪರವಾಗಿ ನಾವೇ ಬರೆದಿದ್ದೇವೆ. ಆದರೂ ಸುದ್ದಿಯಾಗದ ಆನೆಯೊಂದನ್ನು ನಮ್ಮ ಪಾಡಿಗೆ ನಾವು ನೋಡಬೇಕೆಂಬ ಆಸೆ ಉಳಿದೇ ಇತ್ತು.

ಕ್ರೂಗರ್ ಆ ಆಸೆಗೆ ಹೇಳಿ ಮಾಡಿಸಿದ ಜಾಗ. 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅದಕ್ಕೆ ಮರುವರ್ಷ ಪ್ರವಾಸಿಗರು ಬಂದದ್ದು ಮೂರೇ ಮೂರು ಕಾರುಗಳಲ್ಲಿ. ಆಗಿನಿಂದಲೂ ಸ್ವಂತ ಕಾರಿನಲ್ಲಿ ಸುತ್ತುವುದೇ ಅಲ್ಲಿನ ಪದ್ಧತಿ. ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ನಮ್ಮ ಜಿಲ್ಲೆಯಂಥವು ಮೂರೂವರೆಯಿಂದ ನಾಲ್ಕು ಅದರೊಳಗೆ ಹಿಡಿಸುತ್ತವೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿಲೋಮೀಟರ್ ಉದ್ದ. ಒಳಗೆ ಡಾಂಬರು ರಸ್ತೆ, ಮಣ್ಣಿನ ರಸ್ತೆ, ಬೇಲಿ ಹಾಕಿದ ತಂಗುದಾಣಗಳು, ಅವುಗಳಲ್ಲಿ ಗುಡಿಸಲು ಮಾದರಿಯ ಕೋಣೆ, ಅಂಗಡಿ, ಪೆಟ್ರೋಲ್ ಬಂಕ್ ಎಲ್ಲ ಉಂಟು. ಜೀಪೇ ಬೇಕೆಂದಿಲ್ಲ, ಮುಖ್ಯ ರಸ್ತೆಗಳಿಗೆ ಸಣ್ಣ ಕಾರು ಸಾಕು. ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ, ಸ್ಟಿಯರಿಂಗ್ ಬಲಕ್ಕೆ. ಇದು ಗೊತ್ತಾದ ದಿನ ನಮ್ಮ ಟ್ಯಾಕ್ಸಿ ಗೆಳೆಯ ಅರ್ಧ ಆಫ್ರಿಕಾ ಗೆದ್ದವನಂತೆ ಎದ್ದು ನಿಂತ.

ಅವನನ್ನು ಮತ್ತೆ ಕೂರಿಸಿದ್ದು ವೇಗದ ಮಿತಿ. ಡಾಂಬರಿನಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣಿನ ರಸ್ತೆಯಲ್ಲಿ 40. ಸಂಜೆ ಬಾಗಿಲು ಮುಚ್ಚುವುದರೊಳಗೆ ತಂಗುದಾಣ ಸೇರಲೇಬೇಕು, ತಡವಾದರೆ ದಂಡ. ಜೂನ್, ಜುಲೈನಲ್ಲಿ ಬಾಗಿಲು ತೆರೆಯುವುದು ಬೆಳಿಗ್ಗೆ ಆರಕ್ಕೆ, ಮುಚ್ಚುವುದು ಸಂಜೆ ಐದೂವರೆಗೆ. ಸ್ಕುಕುಜಾದಿಂದ ಸತಾರಾಕ್ಕೆ 93 ಕಿಲೋಮೀಟರ್. ಮೈಸೂರು ರಸ್ತೆಯಲ್ಲಾದರೆ ಒಂದೂವರೆ ಗಂಟೆ ಎನ್ನುತ್ತೇವೆ. ಅಲ್ಲಿ ಜಿರಾಫೆಗೆ ಹತ್ತು ನಿಮಿಷ, ಸಿಂಹ ಕಂಡರೆ ಒಂದು ಗಂಟೆ, ರಸ್ತೆ ದಾಟುವ ಆನೆ ಹಿಂಡಿಗೆ ಅದು ಬಿಟ್ಟಷ್ಟು ಹೊತ್ತು. ಹಾಗಾಗಿ ಲೆಕ್ಕಕ್ಕೆ ನಾವು ಹಿಡಿದದ್ದು ಗಂಟೆಗೆ 25 ಕಿಲೋಮೀಟರ್. ಹೀಗೆ ಹೊರಟವರು ದಿನಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು ಹಾಕಿಕೊಳ್ಳಬೇಡಿ ಎಂಬುದು ನಮ್ಮ ಸಲಹೆ.

ಕಾರಿನಿಂದ ಇಳಿಯುವಂತಿಲ್ಲ, ಕಿಟಕಿಯಿಂದ ತಲೆ ಕೈ ಹೊರಹಾಕುವಂತಿಲ್ಲ. ಇಳಿಯಬಹುದಾದ್ದು ಗುರುತು ಮಾಡಿದ ಜಾಗಗಳಲ್ಲಿ ಮಾತ್ರ. 'ಬೆಳಿಗ್ಗೆ ಆರಕ್ಕೆ ಹೊರಟರೆ ಶೌಚಾಲಯ ಎಲ್ಲಿ?' ಎಂದು ಕೇಳಿದವಳು ಗ್ರಂಥಾಲಯದ ಗೆಳತಿ. ಮೂವರು ಗಂಡಸರಿಗೆ ಅಲ್ಲಿಯವರೆಗೆ ಹೊಳೆಯದ ಪ್ರಶ್ನೆ ಅದು. ಅವಳೇ ನಕ್ಷೆ ತೆಗೆದುಕೊಂಡು ಎನ್ಕುಹ್ಲು, ಶೊಕ್ವಾನೆ, ಬಬಲಾಲಾ, ಪಫೂರಿ ಎಂದು ಒಂದೊಂದು ಪಿಕ್‌ನಿಕ್ ತಾಣಕ್ಕೂ ಕೆಂಪು ಸುತ್ತು ಹಾಕಿದಳು. ಸಿಂಹ ಸಿಗುವ ರಸ್ತೆಗಳಿಗೆ ಸ್ಟುಡಿಯೊದವನು ಹಾಕಿದ್ದ ಹಸಿರು ಸುತ್ತುಗಳಿಗಿಂತ ಅವಳ ಸುತ್ತುಗಳೇ ನಮ್ಮ ದಿನಚರಿಯನ್ನು ನಿರ್ಧರಿಸಿದವು.

ಇನ್ನು ಕಾಲ. ಅಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣ ಚಳಿಗಾಲ. ಹುಲ್ಲು ಒಣಗಿ ತೆಳುವಾಗುತ್ತದೆ, ಪ್ರಾಣಿಗಳು ನೀರಿರುವಲ್ಲಿಗೆ ಬರುತ್ತವೆ, ಮಲೇರಿಯಾ ಭಯವೂ ಮಳೆಗಾಲಕ್ಕಿಂತ ಕಡಿಮೆ. ಆದರೂ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿಯೇ ಹೊರಡಬೇಕು. ಸ್ಟುಡಿಯೊದವನಿಗೆ ಬಿಡುವಿರುವುದು ಮದುವೆಗಳಿಲ್ಲದ ಆಷಾಢದಲ್ಲಿ. ಆದರೆ ಜೂನ್-ಜುಲೈ ನಡುವೆ ಕೆಲವು ವಾರ ದಕ್ಷಿಣ ಆಫ್ರಿಕಾದ ಶಾಲೆಗಳಿಗೆ ರಜೆ, ತಂಗುದಾಣಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ. ಅವರ ಶಾಲೆ ಶುರುವಾದ ಮೇಲೆ, ನಮ್ಮ ಶ್ರಾವಣ ಬರುವ ಮುಂಚೆ ಒಂದು ಸಣ್ಣ ಸಂದಿ ಸಿಕ್ಕಿತು. ಮುಂಜಾನೆ ತೆರೆದ ಬಯಲಿನಲ್ಲಿ ಒಳ್ಳೆಯ ಚಳಿ ಇರುತ್ತದೆ, ಸ್ವೆಟರ್ ಮರೆಯಬಾರದು.

ಬೆಂಗಳೂರಿನಿಂದ ಜೋಹಾನ್ಸ್‌ಬರ್ಗ್‌ಗೆ ನೇರ ವಿಮಾನವಿಲ್ಲ. ಆಡಿಸ್ ಅಬಾಬಾ ಮೂಲಕದ ಟಿಕೆಟ್ ನಾವು ನೋಡಿದ ದಿನ ಅಗ್ಗವಾಗಿತ್ತು. ಆದರೆ ಇಥಿಯೋಪಿಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದವರಿಂದ ದಕ್ಷಿಣ ಆಫ್ರಿಕಾ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ, ಮರಳುವಾಗ ನಮ್ಮ ದೇಶದ ನಿಯಮವೂ ಬಿಗಿ. ಲಸಿಕೆಯನ್ನು ಪ್ರಯಾಣಕ್ಕೆ ಹತ್ತು ದಿನ ಮೊದಲಾದರೂ ಹಾಕಿಸಿರಬೇಕು. ಈ ತಾಪತ್ರಯ ಬೇಡವೆಂದು ಕೊಲ್ಲಿ ದೇಶದ ದಾರಿ ಹಿಡಿದೆವು. ಚಾಲಕನಿಗೆ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿದೆವು. ಶುಲ್ಕ ಸಾವಿರ ರೂಪಾಯಿ, ಅವಧಿ ಒಂದು ವರ್ಷ. ಕಾರು ಬಾಡಿಗೆಯವರು ಠೇವಣಿಗೆ ಚಾಲಕನ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳಿದರು. ಟ್ಯಾಕ್ಸಿ ಸಾಲ ತಪ್ಪದೆ ಕಟ್ಟಿದ ಕಾರಣಕ್ಕೆ ನಮ್ಮ ನಾಲ್ವರಲ್ಲಿ ಕ್ರೆಡಿಟ್ ಕಾರ್ಡ್ ಇರುವುದು ಅವನಿಗೊಬ್ಬನಿಗೇ.

ಎಲ್ಲಕ್ಕಿಂತ ದೊಡ್ಡ ತೊಡಕು ಎದುರಾದದ್ದು ವೀಸಾ ಅರ್ಜಿಯಲ್ಲಿ. ಮೂರು ತಿಂಗಳ ಬ್ಯಾಂಕ್ ವಿವರದ ಜೊತೆಗೆ ಉದ್ಯೋಗದಾತರ ಪತ್ರವನ್ನೂ ಲಗತ್ತಿಸಬೇಕು. ನಮ್ಮಲ್ಲಿ ಸ್ಟ್ರಿಂಗರ್ ಆದವರು ಪತ್ರಿಕೆಯ ಕಚೇರಿಗೆ ಹೋಗಿ ಕೇಳಿದೆವು. 'ನೀವು ನಮ್ಮ ನೌಕರರಲ್ಲವಲ್ಲ, ಪತ್ರ ಹೇಗೆ ಕೊಡೋದು?' ಎಂದರು. ಹತ್ತು ವರ್ಷ ಆ ಪತ್ರಿಕೆಯ ಹೆಸರು ಹೇಳಿಕೊಂಡೇ ಆನೆ ತುಳಿದ ಮನೆಗಳಿಗೆ ಹೋಗಿದ್ದೇವೆ, ಜನ ಆ ಹೆಸರನ್ನು ನಂಬಿಯೇ ಮಾತಾಡಿದ್ದಾರೆ. ಆದರೆ ನಾವು ಅಲ್ಲಿಗೆ ಸೇರಿದವರೆಂದು ಹೇಳುವ ಒಂದು ಹಾಳೆ ಆ ಕಚೇರಿಯಲ್ಲಿಲ್ಲ. ಕೊನೆಗೆ ಸ್ವಂತ ಉದ್ಯೋಗಿಗಳೆಂದು ಬರೆದುಕೊಂಡು, ಆದಾಯ ತೆರಿಗೆ ರಿಟರ್ನ್, ಗುರುತಿನ ಚೀಟಿ, ನಮ್ಮ ಹೆಸರಿನಲ್ಲಿ ಬಂದ ವರದಿಗಳ ಪ್ರತಿ ಜೋಡಿಸಿದ್ದೇವೆ. ಇದನ್ನು ಓದುವ ಸ್ಟ್ರಿಂಗರ್ ಗೆಳೆಯರಿಗೆ ಒಂದು ಮಾತು. ವಿದೇಶಕ್ಕೆ ಹೋಗದಿದ್ದರೂ ಸರಿ, ಪ್ರತಿವರ್ಷ ರಿಟರ್ನ್ ಸಲ್ಲಿಸಿ. ನಾವು ಯಾರೆಂದು ಹೇಳುವ ಕಾಗದ ಬೇರೆ ಯಾರೂ ಕೊಡುವುದಿಲ್ಲ.

ನಾವು ನಾಲ್ವರೂ ಜಗಳವಾಡಿದ್ದು ದಾರಿಯ ವಿಷಯಕ್ಕೆ. ಕ್ರೂಗರ್‌ನ ದಕ್ಷಿಣ ಭಾಗ ಮತ್ತು ಮಧ್ಯಭಾಗದಲ್ಲಿ ಪ್ರಾಣಿ ಹೆಚ್ಚು. ಲೋವರ್ ಸಾಬಿಯಿಂದ ಸ್ಕುಕುಜಾಕ್ಕೆ ಸಾಬಿ ನದಿಯ ಗುಂಟ ಹೋಗುವ ರಸ್ತೆ, ಸತಾರಾ ಸುತ್ತಲಿನ ಹುಲ್ಲುಗಾವಲು, ಸಿಂಹ ಚಿರತೆಗಳಿಗೆ ಹೆಸರಾದ ಜಾಗಗಳೆಲ್ಲ ಅಲ್ಲೇ ಇವೆ. ಎಂಟು ರಾತ್ರಿಯನ್ನೂ ಅಲ್ಲೇ ಕಳೆಯೋಣ ಎಂಬುದು ಸ್ಟುಡಿಯೊದವನ ವಾದ. ಅವನ ಮಾತಿನಲ್ಲಿ ನ್ಯಾಯವಿತ್ತು. ಮೂರು ವರ್ಷದ ಚೀಟಿ ದುಡ್ಡು, ಇನ್ನೊಮ್ಮೆ ಹೋಗುತ್ತೇವೆಂಬ ಭರವಸೆ ಇಲ್ಲ.

ಗೆಳತಿ ಆ ಹೊತ್ತಿಗೆ ಕ್ರೂಗರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಳು. ಸ್ಕುಕುಜಾ ಎಂಬ ಹೆಸರೇ ಒಂದು ವರದಿ ಎಂದಳು. 1902ರಲ್ಲಿ ಬಂದ ಮೊದಲ ಮೇಲ್ವಿಚಾರಕ ಜೇಮ್ಸ್ ಸ್ಟೀವನ್‌ಸನ್ ಹ್ಯಾಮಿಲ್ಟನ್ ಕಾಡಿನೊಳಗಿದ್ದ ಜನರನ್ನು ಹೊರಗೆ ಕಳಿಸಿದ. ಎಲ್ಲವನ್ನೂ ಗುಡಿಸಿ ಹಾಕಿದವನು ಎಂಬ ಅರ್ಥದಲ್ಲಿ ಸ್ಥಳೀಯರು ಅವನನ್ನು ಸ್ಕುಕುಜಾ ಎಂದು ಕರೆದರು. ಇವತ್ತು ಉದ್ಯಾನದ ಅತಿ ದೊಡ್ಡ ತಂಗುದಾಣದ ಹೆಸರು ಅದೇ. ಅಲ್ಲಿನ ಆನೆಗಳೂ ಒಮ್ಮೆ ಸುದ್ದಿಯಾಗಿದ್ದವೇ. ಸಂಖ್ಯೆ ಮಿತಿಮೀರಿತೆಂದು 1967ರಿಂದ 1994ರವರೆಗೆ 14,000ಕ್ಕೂ ಹೆಚ್ಚು ಆನೆಗಳನ್ನು ಉದ್ಯಾನದವರೇ ಕೊಂದಿದ್ದರು.

ನಂತರ ಅವಳು ನಕ್ಷೆಯ ಉತ್ತರ ತುದಿಗೆ ಬೆರಳಿಟ್ಟಳು. ಲುವುವ್ಹು ಮತ್ತು ಲಿಂಪೋಪೊ ನದಿಗಳ ನಡುವಿನ ಪಫೂರಿ ಪ್ರದೇಶ ಮಕುಲೆಕೆ ಜನರದು. 1969ರಲ್ಲಿ ವರ್ಣಭೇದ ಸರ್ಕಾರ ಸುಮಾರು 3,000 ಜನರನ್ನು ಬಲವಂತವಾಗಿ ಎಬ್ಬಿಸಿ ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತು. ವರ್ಣಭೇದ ಕೊನೆಗೊಂಡ ಮೇಲೆ ಅವರು ಭೂಮಿಯ ಹಕ್ಕು ಕೇಳಿದರು. 1998ರಲ್ಲಿ ಸುಮಾರು 24,000 ಹೆಕ್ಟೇರ್ ಅವರ ಹೆಸರಿಗೆ ಮರಳಿತು. ಅವರು ಮತ್ತೆ ಅಲ್ಲಿ ಮನೆ ಕಟ್ಟಲಿಲ್ಲ, ಉಳಲಿಲ್ಲ. ಕಾಡನ್ನು ಕಾಡಾಗಿಯೇ ಉಳಿಸಿ, ಉದ್ಯಾನದವರ ಜೊತೆ ಸೇರಿ ನಿರ್ವಹಿಸುತ್ತ, ಅಲ್ಲಿನ ವಸತಿಗೃಹಗಳಿಂದ ಆದಾಯ ಮತ್ತು ಉದ್ಯೋಗ ಪಡೆಯುವ ಒಪ್ಪಂದಕ್ಕೆ ಬಂದರು.

ಇದನ್ನು ಕೇಳಿ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ ಜಿಲ್ಲೆಯವರು ನಾವು. ಪೋಡುಗಳಲ್ಲಿ ಕುಳಿತು ಹಕ್ಕುಪತ್ರದ ಕಥೆ ಬರೆದುಕೊಂಡಿದ್ದೇವೆ. ಹುಲಿ ಕಾಡಿನಲ್ಲಿ ಜನರ ಹಕ್ಕು ಎಂಬ ಮಾತು ನಮಗೆ ದೂರದ್ದಲ್ಲ. ಸುದ್ದಿಯಾಗದ ಆನೆಯನ್ನು ನೋಡಲು ಹೊರಟವರು ಆ ಆನೆಗೆ ಜಾಗ ಬಿಟ್ಟವರ ಊರಿನ ಪಕ್ಕದಲ್ಲೇ ಕಣ್ಣು ಮುಚ್ಚಿಕೊಂಡು ಹೋಗುವುದು ಹೇಗೆ? 'ಸಿಂಹ ನಾಲ್ಕು ಕಡಿಮೆ ಸಿಕ್ಕರೂ ಪರವಾಗಿಲ್ಲ, ಉತ್ತರಕ್ಕೆ ಎರಡು ರಾತ್ರಿ ಕೊಡೋಣ' ಎಂದು ಮೊದಲು ಹೇಳಿದವನು ಸ್ಟುಡಿಯೊದವನೇ.

ಹೀಗೆ ನಮ್ಮ ಯೋಜನೆ ಸಿದ್ಧವಾಗಿದೆ. ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದ ದಿನ ನೇರ ಉದ್ಯಾನಕ್ಕೆ ಓಡುವುದಿಲ್ಲ. ಆ ದೇಶದ ಹೆದ್ದಾರಿಯಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಹಾಗಾಗಿ ಒಂದು ರಾತ್ರಿ ಎಂಬೊಂಬೆಲಾದಲ್ಲಿ. ಮರುದಿನ ಕ್ರೊಕೊಡೈಲ್ ಬ್ರಿಜ್ ಬಾಗಿಲಿನಿಂದ ಒಳಗೆ ಹೋಗಿ ಲೋವರ್ ಸಾಬಿಯಲ್ಲಿ ಎರಡು ರಾತ್ರಿ, ಸತಾರಾದಲ್ಲಿ ಎರಡು, ಲೆಟಾಬಾ ಮತ್ತು ಶಿಂಗ್ವೆಡ್ಜಿಯಲ್ಲಿ ಒಂದೊಂದು, ಕೊನೆಯ ಎರಡು ಪುಂಡಾ ಮರಿಯಾದಲ್ಲಿ. ಅಲ್ಲಿಂದ ಒಂದು ದಿನ ಪಫೂರಿಗೂ, ಎರಡು ನದಿ ಸೇರುವ, ಮೂರು ದೇಶಗಳ ಗಡಿ ಕೂಡುವ ಕ್ರೂಕ್ಸ್ ಕಾರ್ನರ್‌ಗೂ ಹೋಗುತ್ತೇವೆ. ಹಳೆಯ ಕಲ್ಲುಗೋಡೆಗಳ ತುಲಾಮೆಲಾ ನೆಲೆಗೆ ಮಾರ್ಗದರ್ಶಕರ ಜೊತೆ ಹೋಗಬೇಕು, ಕೇಳಿದ್ದೇವೆ. ವಿದೇಶಿಯರಿಗೆ ಪ್ರವೇಶ ಶುಲ್ಕ ಸ್ಥಳೀಯರಿಗಿಂತ ಸುಮಾರು ನಾಲ್ಕು ಪಟ್ಟು, ಅದೂ ಪ್ರತಿ ತಲೆಗೆ ಪ್ರತಿ ದಿನಕ್ಕೆ. ಚೀಟಿಯಲ್ಲಿ ದೊಡ್ಡ ತೂತು ಬಿದ್ದದ್ದು ಇಲ್ಲಿಯೇ. ಬೇಲಿಯಾಚೆಯ ಊರಿನವರು ತಮ್ಮ ಕಾಡನ್ನು ಕಡಿಮೆ ದರದಲ್ಲಿ ನೋಡುತ್ತಾರಲ್ಲ ಎಂದುಕೊಂಡು ಕಟ್ಟಿದೆವು.

ಫೋನಿನ ಸ್ಥಳ ಗುರುತನ್ನು ಆಫ್ ಮಾಡಿಕೊಳ್ಳಬೇಕೆಂದೂ ಪಟ್ಟಿಯಲ್ಲಿ ಬರೆದಿದ್ದೇವೆ. ಘೇಂಡಾಮೃಗ ಕಂಡ ಜಾಗವನ್ನು ಯಾರೂ ಹೊರಗೆ ಹೇಳಬಾರದು, ಕೊಂಬಿಗಾಗಿ ಕೊಲ್ಲುವವರು ಆ ಚಿತ್ರಗಳನ್ನೂ ನೋಡುತ್ತಿರುತ್ತಾರೆ. ಯಾರು, ಏನು, ಎಲ್ಲಿ, ಯಾವಾಗ ಎಂದು ಮೊದಲ ಸಾಲಿನಲ್ಲೇ ಹೇಳಬೇಕೆಂದು ಕಲಿತವರು ನಾವು. ಅಲ್ಲಿ 'ಎಲ್ಲಿ' ಎಂಬುದನ್ನು ನುಂಗಿಕೊಳ್ಳುವುದನ್ನೂ ಅಭ್ಯಾಸ ಮಾಡಬೇಕು.

ವೀಸಾ ಇನ್ನೂ ಬಂದಿಲ್ಲ. ಚೀಟಿಯ ಕೊನೆಯ ಎರಡು ಕಂತು ಬಾಕಿ ಇವೆ. ಮೊನ್ನೆ ಆ ರೈತರು ಸಂತೆಯಲ್ಲಿ ಮತ್ತೆ ಸಿಕ್ಕಿದ್ದರು. ಮಕುಲೆಕೆ ಜನರ ಕಥೆ ಹೇಳಿದೆವು. ಈ ಸಲ ನಗಲಿಲ್ಲ. 'ಅಲ್ಲೂ ಆನೆ ಹೊಲಕ್ಕೆ ಬರ್ತವಂತಾ? ಬಂದ್ರೆ ಏನು ಮಾಡ್ತಾರೆ, ಪರಿಹಾರ ಎಷ್ಟು ಕೊಡ್ತಾರೆ, ವಿಚಾರಿಸ್ಕೊಂಡು ಬನ್ನಿ' ಎಂದರು. ಗೆಳತಿ ಅದನ್ನೂ ಪಟ್ಟಿಗೆ ಸೇರಿಸಿದ್ದಾಳೆ, ಸ್ವೆಟರಿನ ಕೆಳಗೆ.