ಕೂಗು ಹೋಯಿತು, ಸಿಳ್ಳೆ ಉಳಿಯಿತು!

ಮೊದಲ ದಿನ ಮೊದಲ ಆಟಕ್ಕೇ ನುಗ್ಗುವ ಮಿತ್ರರೇ, ಒಂದು ಮಾತು ಕೇಳ್ತೀನಿ. ತೆರೆಯ ಮೇಲೆ ಹೀರೋ ಬಂದಾಗ ಕೂಗೋಕೇ ಆಗದಿದ್ದರೆ ನಿಮ್ಮ ಗತಿ ಏನು? ತಮಾಷೆಯಲ್ಲ. ನನ್ನ ಗೆಳೆಯನೊಬ್ಬನಿಗೆ ಆಗಿರೋದು ಅದೇ.

ಅವನದು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ. ಫೆಬ್ರವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ಮಾಲೆ ಹಾಕಿದ ಬಂಜಾರ ಭಕ್ತರು ಎಲ್ಲೆಲ್ಲಿಂದಲೋ ಬಂದು ಸೇರುವ ಊರು. ಆ ಜನಜಂಗುಳಿಯಲ್ಲೂ ಇವನ ಜೈಕಾರ ಬೇರೆಯಾಗಿ ಕೇಳಿಸ್ತಿತ್ತು. ಟಾಕೀಸಿನಲ್ಲಂತೂ ಕೇಳೋದೇ ಬೇಡ!

ಒಂದು ದಿನ ಕತ್ತಿನಲ್ಲಿ ಅಡಿಕೆ ಗಾತ್ರದ ಗಂಟು ಕಂಡಿತು. ನೋವಿಲ್ಲ, ಜ್ವರವಿಲ್ಲ. ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಕ್ಯಾನ್ಸರ್! ಆಪರೇಷನ್ ಮಾಡಿ ಇಡೀ ಗ್ರಂಥಿಯನ್ನೇ ತೆಗೆದರು. ಆಮೇಲೆ ವಿಕಿರಣ ಸೂಸುವ ಅಯೋಡಿನ್ ಕೊಟ್ಟು ಕೆಲವು ದಿನ ಒಂಟಿ ಕೋಣೆಯಲ್ಲಿಟ್ಟರು. ಊರಿಗೆ ಬಂದಾಗ ಎಲ್ಲರದೂ ಒಂದೇ ಮಾತು: "ಕ್ಯಾನ್ಸರುಗಳಲ್ಲೇ ಇದು ಒಳ್ಳೇದಂತೆ, ಪುಣ್ಯವಂತ ಕಣಯ್ಯ!"

ಮಾತು ಸುಳ್ಳಲ್ಲ. ಈ ರೋಗದಲ್ಲಿ ಹೆಚ್ಚಾಗಿ ಕಾಣುವ ಪ್ಯಾಪಿಲರಿ ಎಂಬ ಬಗೆ ಬೇಗ ಪತ್ತೆಯಾದರೆ ಬಹುತೇಕ ಮಂದಿ ಗುಣವಾಗುತ್ತಾರೆ. ಆದರೆ ಜೀವ ಉಳಿಯೋದು ಬೇರೆ, ಬದುಕು ಮೊದಲಿನಂತಾಗೋದು ಬೇರೆ.

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಜೀವಶಾಸ್ತ್ರ ಕಲಿಸಿದ್ದು ಇವನ ಕತ್ತೇ ಅನ್ನಬೇಕು. ಆ ಪುಟ್ಟ ಗ್ರಂಥಿ ಇಡೀ ದೇಹದ ಓಟಕ್ಕೆ ವೇಗ ಕಟ್ಟುವಂಥದ್ದು. ಅದು ಹೋದ ಮೇಲೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಸಾಯೋತನಕ. ನುಂಗಿ ಅರ್ಧ ಗಂಟೆಯಾದರೂ ಚಹಾ ಮುಟ್ಟುವಂತಿಲ್ಲ. ಪ್ರಮಾಣ ಕಡಿಮೆಯಾದರೆ ಸುಸ್ತು, ಚಳಿ, ಮಂಕು. ಹೆಚ್ಚಾದರೆ ಎದೆ ಡವಡವ, ನಿದ್ದೆಯಿಲ್ಲ. ಕ್ಯಾಲ್ಸಿಯಂ ಇಳಿದರೆ ಬೆರಳು ಜುಮ್ಮೆನ್ನುತ್ತೆ. ಮೇಲಿಂದ ಆಗಾಗ ರಕ್ತ ಪರೀಕ್ಷೆ. ಫಲಿತಾಂಶ ಬರುವ ತನಕ ಮನೆಯವರಿಗೆಲ್ಲ ಉಸಿರು ಬಿಗಿ.

ಕಬ್ಬು ಕಡಿಯೋ ಗುಂಪಿನಲ್ಲಿ ಇವನು ಮುಂದಾಳಾಗಿದ್ದವನು. ಈಗ ಮಧ್ಯಾಹ್ನಕ್ಕೇ ಕುಸೀತಾನೆ. ನೋಡೋಕೆ ಗಟ್ಟಿಯಾಗಿದ್ದಾನಲ್ಲ, ಸೋಮಾರಿ ಅಂತಾರೆ ಜನ! ಹೆಣ್ಣು ನೋಡೋಕೆ ಹೋದರೆ ಕತ್ತಿನ ಗೆರೆ ಕಾಣದಿರಲಿ ಅಂತ ಕಾಲರಿನ ಗುಂಡಿ ಹಾಕ್ಕೋತಾನೆ. ಇದೇನು ಅಂಟುರೋಗವೇ? ಅಯೋಡಿನ್ ತೊಗೊಂಡ ಮೇಲೆ ಮಗುವಿಗಾಗಿ ಕೆಲವು ತಿಂಗಳು ಕಾಯಿರಿ ಅಂತಾರೆ ಡಾಕ್ಟರು, ಅಷ್ಟೇ. ಮದುವೆಗೇನೂ ಅಡ್ಡಿಯಿಲ್ಲ.

ಇನ್ನು ದನಿ. ಧ್ವನಿತಂತುಗಳನ್ನು ಆಡಿಸುವ ನರ ಥೈರಾಯ್ಡಿನ ಬೆನ್ನಿಗೇ ಹಾದು ಹೋಗುತ್ತೆ. ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತೆ. ಹಲವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ, ದನಿಗೆಂದೇ ತರಬೇತಿಯೂ ಉಂಟು. ಇವನದು ವರ್ಷ ಕಳೆದರೂ ಪಿಸುಮಾತೇ. ಆದರೆ ಸಿಳ್ಳೆಗೆ ಧ್ವನಿತಂತು ಬೇಡ, ತುಟಿ ಮತ್ತು ಉಸಿರು ಸಾಕು. ಮೊನ್ನೆ ಹಾಡು ಶುರುವಾದಾಗ ಎರಡು ಬೆರಳು ಬಾಯಿಗಿಟ್ಟು ಹೊಡೆದ ನೋಡಿ, ಮುಂದಿನ ಸಾಲಿನವರೆಲ್ಲ ತಿರುಗಿದರು!

ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಅವರಿಗೆ ಥೈರಾಯ್ಡ್ ಕ್ಯಾನ್ಸರ್ ಬಂದದ್ದು 2002ರಲ್ಲಿ. ಮುಂದೆ ಲಾಲಾಗ್ರಂಥಿ, ದವಡೆಗಳಿಗೂ ರೋಗ ತಗುಲಿ, 2006ರ ಶಸ್ತ್ರಚಿಕಿತ್ಸೆಗಳ ನಂತರ ಮಾತೇ ನಿಂತಿತು. ಆದರೂ 2013ರಲ್ಲಿ ತೀರಿಕೊಳ್ಳುವವರೆಗೆ ಸಿನಿಮಾ ನೋಡಿದರು, ಬರೆದರು. ನನ್ನ ಗೆಳೆಯನಿಗೆ ಅವರ ಕಥೆ ಹೇಳಿದೆ. "ಅವರಿಗೆ ಪೇಪರ್ ಇತ್ತು, ನನಗೇನಿದೆ?" ಅಂದ. ಉತ್ತರವಿರಲಿಲ್ಲ, ಈ ಲೇಖನ ಬರೆದೆ.

ಕತ್ತಿನಲ್ಲಿ ಗಂಟು ಕಂಡರೆ ನೋವಿಲ್ಲ ಅಂತ ಬಿಡಬೇಡಿ, ತೋರಿಸಿ. ಗೆಳೆಯ ವಾಸಿಯಾಗಿ ಬಂದರೆ "ಎಲ್ಲ ಮುಗೀತಲ್ಲ" ಅನ್ನಬೇಡಿ ಗುರುವೇ. ಇವತ್ತು ಹೇಗಿದೀಯ ಅಂತ ಕೇಳಿ. ಅವನು ಮೆಲ್ಲಗೆ ಹೇಳಿ ಮುಗಿಸೋವರೆಗೂ ಕಾಯಿರಿ.