ಈಚಲ ಮರದ ಕೆಳಗಿನ ಚಹಾ

ನಾವು ನಾಲ್ವರು ತಿಂಗಳಿಗೊಮ್ಮೆ ಸೂರತ್ತಿನಲ್ಲಿ ನಮ್ಮ ಕಟ್ಟಡದ ತಾರಸಿ ಮೇಲೆ ಸೇರಿ ಬಿಯರ್ ಬಗ್ಗೆ ಮಾತಾಡುತ್ತೇವೆ. ಕುಡಿಯುವುದು ಮಾತ್ರ ಚಹಾ. 1960ರ ಮೇ 1ರಂದು ಗುಜರಾತ್ ರಾಜ್ಯ ಹುಟ್ಟಿದಾಗಿನಿಂದ ಇಲ್ಲಿ ಪಾನನಿರೋಧವಿದೆ. ಪರ್ಮಿಟ್ಟು, ವಿನಾಯಿತಿ ಅಂತೆಲ್ಲ ಇದ್ದರೂ ನಮ್ಮ ನಾಲ್ವರಲ್ಲಿ ಯಾರ ಹತ್ತಿರವೂ ಅದಿಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅಂತಾರೆ ಅನ್ನೋ ನಮ್ಮ ಕಡೆಯ ಗಾದೆಯನ್ನು ಇವರಿಗೆ ಹೇಳಿದ್ದೆ. ಅಂದಿನಿಂದ ಈ ಕೂಟಕ್ಕೆ ‘ಈಚಲ ಮರ’ ಎಂದೇ ಹೆಸರು ಬಿದ್ದಿದೆ.

ಎಲ್ಲರಿಗಿಂತ ಹಿರಿಯರು ಮೇಲಿನ ಮಹಡಿಯ ಕಾಕಾ. ವಜ್ರದ ವ್ಯಾಪಾರಿ, ಪಾಲನ್‌ಪುರದ ಜೈನರು, ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಹನ್ನೆರಡು ವರ್ಷ ಇದ್ದು ಬಂದವರು. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟನ್ನೂ ಮುಟ್ಟದ ಮನುಷ್ಯ. ಎರಡನೆಯವರು ವಡೋದರದಿಂದ ರೈಲು ಹತ್ತಿ ಬರುವ, ಸೂಕ್ಷ್ಮಜೀವಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಮೂರನೆಯವನು ಅಹಮದಾಬಾದಿನ ಹುಡುಗ. ಬ್ರಸೆಲ್ಸ್‌ನಲ್ಲಿ ಎರಡು ವರ್ಷ ಓದಿ, ಬರುವಾಗ ಒಂದು ಬಾಟಲಿ ತಂದ. ಕಾನೂನಿಗೆ ಹೆದರಿ ಖಾಲಿ ಮಾಡಿಯೇ ತಂದ. ದಪ್ಪ ಗಾಜು, ಒಳಕ್ಕೆ ಒತ್ತಿದಂಥ ತಳ, ಜೊತೆಗೊಂದು ಕಾರ್ಕು. ನಮ್ಮ ಮಾತೆಲ್ಲ ಆ ಬಾಟಲಿಯ ಸುತ್ತಲೇ.

ಅದು ‘ಗೂಸ್’ ಎಂಬ ಬಿಯರಿನ ಬಾಟಲಿ. ಅದರ ತಾಯಿ ‘ಲ್ಯಾಂಬಿಕ್’. ಬಾರ್ಲಿ ಮಾಲ್ಟಿಗೆ ಮೊಳಕೆ ಬರಿಸದ ಗೋಧಿ ಸೇರಿಸಿ, ಕಹಿ ಕಳೆದುಕೊಂಡ ಹಳೆಯ ಹಾಪ್ಸ್ ಹೂ ಹಾಕಿ ಕುದಿಸುತ್ತಾರೆ. ಆಮೇಲೆ ಆ ರಸವನ್ನು ಸೂರಿನಡಿಯ ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ಮರದ ಪೀಪಾಯಿಯಲ್ಲಿ ಇರುವುದೇ ಬಂದು ಸೇರಿಕೊಳ್ಳಬೇಕು. ಅದಕ್ಕೇ ಚಳಿ ತಿಂಗಳುಗಳಲ್ಲಿ ಮಾತ್ರ ಈ ಕೆಲಸ. ಬೇಸಗೆಯ ರಾತ್ರಿ ರಸ ಬೇಗ ಆರುವುದಿಲ್ಲ, ಬೇಡದ ಜೀವಿಗಳು ನುಗ್ಗುತ್ತವೆ. “ಮೊದಲು ಬರುವವರು ಬೇರೆ, ಕೊನೆಗೆ ಮನೆ ಆಳುವವರು ಬೇರೆ” ಅಂತ ಮೇಷ್ಟ್ರು ನಗುತ್ತಾರೆ. ಪೀಪಾಯಿಯೊಳಗೆ ತಿಂಗಳುಗಟ್ಟಲೆ ಒಂದು ಜೀವಿಯಾದ ಮೇಲೆ ಇನ್ನೊಂದರ ಸರದಿ. ಬ್ರೆಟನೊಮೈಸಿಸ್ ಎಂಬ ಯೀಸ್ಟಿನದು ಕೊನೆಯ ಪಾಳಿ.

ಒಂದೊಂದು ಪೀಪಾಯಿಯ ರುಚಿ ಒಂದೊಂದು ಥರ. ಅದಕ್ಕೇ ಬೆರಕೆ ಬೇಕು. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಮೂಸಿ, ಸವಿದು, ಅಳೆದು ಸೇರಿಸಿದರೆ ಗೂಸ್. ಹಳೆಯದು ರುಚಿ, ಘಮಲು ಕೊಡುತ್ತದೆ. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯೊಳಗೆ ಮತ್ತೆ ಹುದುಗಿ ನೊರೆ ಕೊಡುತ್ತದೆ. ಕಾರ್ಕು ಬಿಗಿದು, ಅಡ್ಡ ಮಲಗಿಸಿ, ತಿಂಗಳುಗಟ್ಟಲೆ ಕಾಯಬೇಕು. ಸ್ವತಃ ಕುದಿಸದೆ, ಬೇರೆಯವರಿಂದ ರಸ ತಂದು ಪೀಪಾಯಿಯಲ್ಲಿಟ್ಟು ಬೆರೆಸುವುದನ್ನೇ ಕಸುಬು ಮಾಡಿಕೊಂಡವರೂ ಅಲ್ಲಿದ್ದಾರೆ. ಗಿರಾಕಿಗಳ ಜೊತೆ ಬ್ರಸೆಲ್ಸಿನ ಕ್ಯಾಂಟಿಯೋನ್‌ಗೆ ಹೋಗಿದ್ದ ಕಾಕಾ ಒಂದು ಹನಿಯೂ ಬಾಯಿಗೆ ಹಾಕದೆ ಇದನ್ನೆಲ್ಲ ಅರ್ಥ ಮಾಡಿಕೊಂಡಿದ್ದಾರೆ. “ಹೀರಾ ವ್ಯಾಪಾರವೂ ಇದೇ ಅಲ್ವಾ? ಹರಳು ಒಂದೊಂದೇ ನೋಡಬೇಕು, ಪೊಟ್ಟಣ ಕಟ್ಟುವಾಗ ಒಟ್ಟಿಗೆ ನೋಡಬೇಕು.” 1900ರಲ್ಲಿ ಶುರುವಾದ ಆ ಕಾರ್ಖಾನೆ ಈಗ ವಸ್ತುಸಂಗ್ರಹಾಲಯವೂ ಹೌದು. ಅಲ್ಲಿ ಜೇಡರ ಬಲೆಯನ್ನೂ ಗುಡಿಸುವುದಿಲ್ಲವಂತೆ.

ಈ ಮಾತು ಬಂದಾಗಲೆಲ್ಲ ನಾನು ಸುಮ್ಮನಿರುತ್ತಿದ್ದೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಹಿಂದಿನ ರಾತ್ರಿ ನಮ್ಮಲ್ಲೇ ಉಳಿದಿದ್ದ ಮೇಷ್ಟ್ರು ನನ್ನನ್ನು ನೀರಾ ಕುಡಿಯಲು ಕರೆದುಕೊಂಡು ಹೋದರು. ಚಳಿಗಾಲದಲ್ಲಿ ಇಲ್ಲಿ ಈಚಲ ಮರದ ನೀರಾ ಬೆಳಗಿನ ಹೊತ್ತು ರಾಜಾರೋಷವಾಗಿ ಸಿಗುತ್ತದೆ. ಲೋಟ ಎತ್ತಿ ಅವರು ಹೇಳಿದರು: “ಇದನ್ನೇ ಮಧ್ಯಾಹ್ನದವರೆಗೆ ಇಟ್ಟರೆ ತಾಡಿ ಆಗುತ್ತೆ, ನಾವಿಬ್ಬರೂ ಅಪರಾಧಿಗಳು. ಬೆಲ್ಜಿಯಂನವರಿಗೆ ಮೂರು ವರ್ಷ ಬೇಕು, ನಮಗೆ ಆರು ಗಂಟೆ ಸಾಕು.”

ಆಗ ಬಾಯಿ ತಪ್ಪಿ ಹೇಳಿಬಿಟ್ಟೆ, “ನಮ್ಮಜ್ಜ ಮೂರ್ತೆ ಮಾಡ್ತಿದ್ರು.”

ಗುಜರಾತಿಗೆ ಬಂದು ಇಪ್ಪತ್ತೆರಡು ವರ್ಷ. ಅಹಮದಾಬಾದು, ವಡೋದರ, ಸೂರತ್ತು, ಮೂರೂ ಊರಲ್ಲಿ “ಮನೆಯವರು ಏನು ಮಾಡ್ತಾರೆ?” ಅಂತ ಕೇಳಿದವರಿಗೆಲ್ಲ “ಕೃಷಿ” ಅಂದಿದ್ದೆ. ಉಡುಪಿಯ ಹತ್ತಿರದ ನಮ್ಮ ಊರಲ್ಲಿ ಅಜ್ಜ ಬೆಳಿಗ್ಗೆ ಸಂಜೆ ತೆಂಗಿನ ಮರ ಹತ್ತಿ, ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೆತ್ತಿ, ಮಡಕೆ ಕಟ್ಟಿ ಬರುತ್ತಿದ್ದರು. ಕ್ರೈಸ್ತರ ಮನೆಗೆ ಸನ್ನ ಉಬ್ಬಿಸಲು ಸಿಹಿ ಕಳ್ಳು, ಕೂಲಿಯವರಿಗೆ ಹುಳಿ ಕಳ್ಳು. ನಿನ್ನೆಯದನ್ನು ಇವತ್ತಿನದಕ್ಕೆ ಬೆರೆಸಿ, ಮೂಸಿ ನೋಡಿ, ಇದು ಇಂಥವರಿಗೆ ಅಂತ ಬೇರೆ ಬೇರೆ ಇಡುತ್ತಿದ್ದರು. ಅಪ್ಪ ನಾರಾಯಣ ಗುರುಗಳ ಭಕ್ತ. ಮದ್ಯ ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂಬ ಗುರುಗಳ ಮಾತನ್ನು ಗಟ್ಟಿಯಾಗಿ ಹಿಡಿದವರು. ಹುಳಿ ಕಳ್ಳಿನಿಂದ ಹಾಳಾದ ಮನೆಗಳನ್ನು ಅವರು ಹತ್ತಿರದಿಂದ ಕಂಡಿದ್ದರು. ಅಜ್ಜ ಸತ್ತ ವರ್ಷ ಮಡಕೆಗಳನ್ನೆಲ್ಲ ಹಿತ್ತಲಲ್ಲಿ ಒಡೆದರು. ನಾನು ಪಕ್ಕದಲ್ಲಿ ನಿಂತು ನೋಡಿದ್ದೆ. ಅವತ್ತಿಂದ ಮನೆಯಲ್ಲಿ ಆ ವಿಷಯ ಎತ್ತಿದವರಿಲ್ಲ.

ಮುಂದಿನ ಕೂಟಕ್ಕೆ ಮೇಷ್ಟ್ರು ಎಲ್ಲರಿಗೂ ಹೇಳಿಬಿಟ್ಟಿದ್ದರು. ಕಾಕಾ ಏನಂದುಕೊಳ್ತಾರೋ ಅಂತ ನನಗೆ ಅಳುಕು. ಅವರು ಬಾಟಲಿಯನ್ನು ನನ್ನ ಮುಂದಕ್ಕೆ ಸರಿಸಿ, “ಹಾಗಾದ್ರೆ ಇಷ್ಟು ದಿನ ನಮ್ಮ ಪಾಠ ಯಾಕೆ ಕೇಳ್ತಾ ಕೂತಿದ್ದೆ? ಅಜ್ಜ ಹಳೇದು ಎಷ್ಟು ಹಾಕ್ತಿದ್ರು?” ಅಂದರು. ನನಗೆ ಗೊತ್ತಿರಲಿಲ್ಲ.

ಹುಡುಗ ಅವತ್ತೇ 2009ರ ಮೇ ತಿಂಗಳ ಕಥೆ ಹೇಳಿದ್ದು. ಅರ್ಮಾಂಡ್ ಡೆಬೆಲ್ಡರ್ ಎಂಬ ಹೆಸರಾಂತ ಗೂಸ್ ತಯಾರಕರ ಉಗ್ರಾಣದಲ್ಲಿ ಥರ್ಮೋಸ್ಟಾಟ್ ಕೆಟ್ಟು, ಬಿಸಿ ಏರಿ, ಸುಮಾರು 80,000 ಬಾಟಲಿ ಹಾಳಾದವು. ಕೆಲವು ಸಿಡಿದೇ ಹೋದವು. ಅವರು ಉಳಿದದ್ದನ್ನು ಚೆಲ್ಲದೆ ಭಟ್ಟಿ ಇಳಿಸಿ ಮಾರಿ, ಮತ್ತೆ ಎದ್ದು ನಿಂತರು. 2022ರಲ್ಲಿ ಅವರು ತೀರಿಕೊಂಡಾಗ ದೇಶ ದೇಶಗಳಲ್ಲಿ ಜನ ಮರುಗಿದರು. ನಮ್ಮಜ್ಜ ಹೋದಾಗ ಬೊಜ್ಜದ ಊಟಕ್ಕೆ ಬಂದ ಗಿರಾಕಿಗಳೂ ಕಳ್ಳಿನ ಮಾತು ಎತ್ತಿರಲಿಲ್ಲ. ಅಪ್ಪ ಮಾಡಿದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳಲಾರೆ. ಆದರೆ ಮಡಕೆಯ ಜೊತೆ ಅಜ್ಜನ ಕೈಯ ಲೆಕ್ಕವೂ ಒಡೆದುಹೋಯಿತಲ್ಲ ಅನ್ನಿಸಿತು.

ಆ ರಾತ್ರಿ ಊರಿಗೆ ಫೋನು ಮಾಡಿದೆ. ಮಳೆ, ಅಡಿಕೆ, ಅಪ್ಪನ ಮಂಡಿನೋವು ಎಲ್ಲ ಆದಮೇಲೆ ಕೇಳಿದೆ. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಲೈನು ಕಟ್ಟಾಯಿತು ಅಂದುಕೊಂಡೆ. ಆಮೇಲೆ ತುಳುವಿನಲ್ಲಿ ನಿಧಾನಕ್ಕೆ ಹೇಳಿದರು: “ನಾಲ್ಕು ಕುಡಿಕೆ ಹೊಸದಕ್ಕೆ ಒಂದು ನಿನ್ನೆಯದು. ಚಳಿಗೆ ಸ್ವಲ್ಪ ಜಾಸ್ತಿ, ಬೇಸಗೆಗೆ ಕಮ್ಮಿ. ಮೊದಲು ಮೂಸಬೇಕು, ಆಮೇಲೆ ಬೆರೆಸಬೇಕು.”

ಸ್ವಲ್ಪ ತಡೆದು, “ಅಲ್ಲಿ ಯಾರಿಗೂ ಹೇಳಬೇಡ” ಅಂದರು.

“ಇಲ್ಲ ಅಪ್ಪ” ಅಂದೆ. ಹಾಗೆ ಅನ್ನುತ್ತಲೇ ಮುಂದಿನ ಕೂಟಕ್ಕೆ ಬೇಕು ಅಂತ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ.